ಅರ್ಧ ಬರೆದ ಬೋರ್ಡು

ಎಡದವನು ತೀರಿಕೊಂಡಾಗ ಪ್ರಾರ್ಥನೆ ಮನೆಯಲ್ಲಿ ಮೂರ್ನಾಲ್ಕು ಜನ ಎದ್ದು ನಿಂತು ಮಾತಾಡಿದರು. ಒಳ್ಳೆ ಗಂಡ, ಒಳ್ಳೆ ಅಪ್ಪ, ದೇವರಿಗೆ ಹೆದರಿ ನಡೆದವನು, ಕೈಯಲ್ಲಿ ಕಲೆ ಇದ್ದವನು ಅಂದರು. ಒಂದೂ ಸುಳ್ಳಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡೆ. ಅವನ ತಮ್ಮನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಸತ್ತವನ ಮುಂದೆ ಯಾಕೆ ಅದೆಲ್ಲ ಅಂತ ಇರಬೇಕು. ಆದರೆ ಅವನೇ ಕೊನೆಗಾಲದಲ್ಲಿ ಬೇರೆ ಯಾವ ಮಾತನ್ನೂ ಆಡುತ್ತಿರಲಿಲ್ಲ. ಹಾಗಾಗಿ ಅದನ್ನು ಬಿಟ್ಟು ಅವನ ಬದುಕನ್ನು ಹೇಳುವುದು ನನ್ನಿಂದಾಗದು.

ಎಡದವನು ಅಂದ ಕೂಡಲೇ ನಮ್ಮ ಕೆಂಪು ಬಾವುಟದ ಪಕ್ಷದವನು ಅಂದುಕೊಳ್ಳಬೇಡಿ. ಅವನು ಬೋರ್ಡು ಬರೆಯುವವನು. ಅಣ್ಣ ತಮ್ಮ ಇಬ್ಬರೂ ಒಂದೇ ಬೋರ್ಡಿನ ಮುಂದೆ ಕೂತು ಬರೆಯುತ್ತಿದ್ದರು. ಅಣ್ಣ ಎಡ ಅರ್ಧ, ತಮ್ಮ ಬಲ ಅರ್ಧ. ಅದಕ್ಕೇ ಊರು ಅವರಿಗೆ ಎಡದವನು, ಬಲದವನು ಅಂತ ಹೆಸರಿಟ್ಟಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬಹುಶಃ ಅವರ ಹೆಂಡಂದಿರಿಗೂ ಮರೆತುಹೋಗಿತ್ತು.

ಈ ಪದ್ಧತಿ ಹುಟ್ಟಿದ್ದು ಅವರ ಅಪ್ಪನ ಕುಡಿತದಿಂದ. ಅಪ್ಪನೂ ಬೋರ್ಡು ಬರೆಯುವವನೇ. ಬೆಳಗ್ಗೆಯೇ ಏರಿಸಿಕೊಂಡು ಬಂದು ಕೂರುತ್ತಿದ್ದ. ಮೊದಲ ಅಕ್ಷರವನ್ನು ಆನೆಯಷ್ಟು ದೊಡ್ಡದು ಬರೆಯುವನು, ಎರಡನೆಯದು ಎಮ್ಮೆ, ಬೋರ್ಡಿನ ಕೊನೆಗೆ ಬರುವಷ್ಟರಲ್ಲಿ ಜಾಗ ಮುಗಿದು ಉಳಿದ ಅಕ್ಷರಗಳೆಲ್ಲ ಇರುವೆ ಸಾಲು. ಗಿರಾಕಿ ಬಂದು ಬಾಯಿಗೆ ಬಂದ ಹಾಗೆ ಬೈದು ಹೋಗುವನು. ಆಗ ಇನ್ನೂ ಮೀಸೆ ಮೂಡದ ಮಕ್ಕಳಿಬ್ಬರು ಒಂದು ಉಪಾಯ ಕಂಡುಕೊಂಡರು. ಸುಣ್ಣದ ದಾರವನ್ನು ಎಳೆದು ಹಿಡಿದು ಚಟ್ಟನೆ ಬಿಟ್ಟು ಬೋರ್ಡಿನ ನಡುವೆ ಒಂದು ಗೆರೆ ಹೊಡೆಯುವುದು. ಇರುವ ಅಕ್ಷರಗಳನ್ನು ಎರಡು ಪಾಲು ಮಾಡುವುದು. ತಮ್ಮ ಆ ನಡುಗೆರೆಯಿಂದ ಬಲಕ್ಕೆ ಹೊರಡುವುದು, ಅಣ್ಣ ಅದೇ ಗೆರೆಯಿಂದ ಎಡಕ್ಕೆ, ಪದದ ಕೊನೆಯಿಂದ ಮೊದಲಿಗೆ, ಹಿಂದುಹಿಂದಕ್ಕೆ ಬರುವುದು. ಬೆಳಗ್ಗೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಶುರುಮಾಡಿದರೆ ಸಂಜೆಗೆ ಬೋರ್ಡಿನ ಎರಡು ತುದಿಯಲ್ಲಿ ಕೂತಿರುತ್ತಿದ್ದರು. ಹಿಂದುಮುಂದಾಗಿ ಬರೆಯುವುದು ಅಣ್ಣನಿಗೆ ಎಷ್ಟು ರೂಢಿಯಾಯಿತೆಂದರೆ ಅವನಿಗೆ ಯಾವ ಪದ ಕೊಟ್ಟರೂ ಬಾಲದಿಂದ ಹಿಡಿದೇ ಎತ್ತುತ್ತಿದ್ದ. ಒಬ್ಬನ ಅಕ್ಷರ ಎಲ್ಲಿ ಮುಗಿಯಿತು, ಇನ್ನೊಬ್ಬನದು ಎಲ್ಲಿ ಶುರುವಾಯಿತು ಅಂತ ಯಾವ ಮಗನಿಗೂ ಹೇಳಲು ಆಗುತ್ತಿರಲಿಲ್ಲ.

ಅಪ್ಪ ಕುಡಿದು ಕುಡಿದು ಕರುಳು ಸುಟ್ಟುಕೊಂಡು ಸತ್ತ. ಅಮ್ಮ ಪ್ರಾರ್ಥನೆ ಮನೆಗೆ ಹೋಗತೊಡಗಿದಳು. ಮಕ್ಕಳನ್ನೂ ಕರೆದೊಯ್ದಳು. ಚಿಕ್ಕವನು ಅಮ್ಮನಿಗೋಸ್ಕರ ಹೋಗಿ ಕೂತ. ದೊಡ್ಡವನು ಮಾತ್ರ ಒಳಗೆ ಕಾಲಿಟ್ಟವನು ಪೂರ್ತಿ ಒಳಗೇ ಉಳಿದ. ಆಮೇಲೆ ಬೆಳಗ್ಗೆ ಅಂಗಡಿ ತೆಗೆದು, ಬಣ್ಣದ ಡಬ್ಬದ ಮುಚ್ಚಳಕ್ಕೆ ಕೈ ಹಚ್ಚುವ ಮೊದಲು ಕಣ್ಣು ಮುಚ್ಚಿ ನಿಲ್ಲದೆ ಅವನು ಒಂದು ದಿನವೂ ಕೆಲಸ ಶುರುಮಾಡಿದವನಲ್ಲ. ಸಾರಾಯಿ, ಜೂಜು, ಲಾಟರಿ ಇವುಗಳ ಬೋರ್ಡು ಮುಟ್ಟುತ್ತಿರಲಿಲ್ಲ. ಬೈಗುಳ, ಶಾಪ ಬರೆಯುತ್ತಿರಲಿಲ್ಲ.

ನಮಗೆ ಅಲ್ಲೇ ತೊಡಕಾಗಿದ್ದು. ಮಿಲ್ಲಿನ ಮುಷ್ಕರದ ಹೊತ್ತಿಗೆ ಬ್ಯಾನರು ಬರೆಸಲು ಅವನ ಹತ್ತಿರ ಹೋದೆವು. ಅಂಗಡಿ ಅಂದರೆ ಸೈಕಲ್ ರಿಪೇರಿಯವನ ಹಿಂದಿನ ಒಂದು ಕೋಣೆ, ಕಿಟಕಿಯ ಬದಿಗೆ ಉದ್ದದ ಹಲಗೆ, ಗೋಡೆಯ ತುಂಬ ಬ್ರಶ್ಶು ಒರೆಸಿ ಒರೆಸಿ ಆದ ಬಣ್ಣದ ಪದರ, ಮೂಗಿಗೆ ಹೊಡೆಯುವ ಟರ್ಪೆಂಟೈನು. ನಾವು ಕೊಟ್ಟ ಸಾಲನ್ನು ಓದಿ ಅವನು ಹೇಳಿದ: "ಇದರಲ್ಲಿ ಧಿಕ್ಕಾರ ಅಂತಿದೆ."

"ಹೌದಪ್ಪ, ಮಾಲೀಕನಿಗೆ ಧಿಕ್ಕಾರ. ಮತ್ತೇನು, ಮಾಲೀಕನಿಗೆ ಆರೋಗ್ಯ ಭಾಗ್ಯ ಸಿಗಲಿ ಅಂತ ಬರೆಸ್ಲಾ?" ಅಂತ ನಮ್ಮ ಕಾರ್ಯದರ್ಶಿ ರೇಗಿದ.

"ಬೇಕು ಅಂತ ಕೇಳಿ, ಎಷ್ಟು ದೊಡ್ಡದಾಗಿ ಬೇಕಾದ್ರೂ ಬರೀತೀನಿ. ಶಾಪ ನನ್ನ ಕೈಯಲ್ಲಿ ಬರಲ್ಲ."

ಮೂಲೆಯಲ್ಲಿ ಬ್ರಶ್ಶು ತೊಳೆಯುತ್ತಿದ್ದ ತಮ್ಮ ನಕ್ಕ. "ಅಣ್ಣಾ, ನೀನ್ಯಾಕೆ ತಲೆ ಕೆಡಿಸ್ಕೋತೀಯ? ಧಿಕ್ಕಾರ ಯಾವಾಗ್ಲೂ ಕೊನೇಲಿ ತಾನೇ ಬರೋದು? ಅದು ನನ್ನ ಕಡೆ. ನೀನು ಮಾಲೀಕನ ಹೆಸರು ಬರಿ, ಚೆಂದಾಗಿ ಬರಿ. ಊರಿನ ಪಾಪ ಎಲ್ಲಾ ನನ್ನ ಪಾಲಿಗೇ ಬರ್ಲಿ."

ಹಾಗೇ ಆಯಿತು. ಆಮೇಲೆ ನಮ್ಮ ಎಷ್ಟು ಬ್ಯಾನರು ಬಂದವೋ ಅಷ್ಟರಲ್ಲೂ ಎಡಗಡೆ ಮಂತ್ರಿ, ಮಾಲೀಕ, ಸಾಹೇಬರ ಹೆಸರುಗಳು ದುಂಡಗೆ ನಗುತ್ತಿದ್ದವು, ಬಲಗಡೆ ಧಿಕ್ಕಾರ ಹಲ್ಲು ಕಚ್ಚಿಕೊಂಡು ನಿಂತಿರುತ್ತಿತ್ತು. ಅಣ್ಣ ತನ್ನ ಪಾಲು ಮುಗಿಸಿ, ತಮ್ಮನ ಪಾಲಿನ ಕಡೆ ನೋಡದೆ ಕೈ ತೊಳೆಯಲು ಹೋಗುತ್ತಿದ್ದ.

ಮನೆಯಲ್ಲೂ ಅವನು ಹಾಗೇ, ಗೆರೆ ಹೊಡೆದ ಮನುಷ್ಯ. ನಾಲ್ಕು ಹೆಣ್ಣುಮಕ್ಕಳು. ಬೆಳಗ್ಗೆ ಸಾಲಾಗಿ ಕೂರಿಸಿಕೊಂಡು ತಾನೇ ತಲೆ ಬಾಚುತ್ತಿದ್ದ. ಬೈತಲೆ ಅಂದರೆ ಸುಣ್ಣದ ದಾರ ಬಿಟ್ಟ ಹಾಗಿರಬೇಕು, ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಮತ್ತೆ ಬಾಚುವನು. "ಸ್ಕೂಲು ಮುಗಿಯೋ ಹೊತ್ತಾಯ್ತು, ಇನ್ನೂ ನಿಮ್ಮ ಬೋರ್ಡು ಒಣಗಲಿಲ್ವಾ?" ಅಂತ ಹೆಂಡತಿ ಒಳಗಿನಿಂದ ಕೂಗುವಳು. ಅಕ್ಷರ ಕಲಿಸಿದ್ದೂ ಅವನೇ, ಅಂಗಳದ ಕಲ್ಲಿನ ಮೇಲೆ ಬ್ರಶ್ಶನ್ನು ನೀರಿಗೆ ಅದ್ದಿ ಬರೆಸುವನು. ಒಂದು ಪದ ಮುಗಿಸುವಷ್ಟರಲ್ಲಿ ಹಿಂದಿನದು ಆರಿಹೋಗಿರುತ್ತಿತ್ತು, ಹುಡುಗಿಯರು ಕೇಕೆ ಹಾಕುವರು. ಅವನಮ್ಮ ಹಾಸಿಗೆ ಹಿಡಿದ ಮೇಲೆ ಅವಳ ಮಲಮೂತ್ರ ಬಳಿದದ್ದೂ ಇದೇ ಕೈ. ಇದರಲ್ಲಿ ಅವನಿಗೆ ದೊಡ್ಡಸ್ತಿಕೆ ಏನೂ ಇರಲಿಲ್ಲ, ಗೊಣಗಾಟವೂ ಇರಲಿಲ್ಲ.

ತಮ್ಮನಿಗೂ ಮದುವೆಯಾಯಿತು, ಮಕ್ಕಳಾದವು. ಅಣ್ಣನ ಕಡೆ ಉಣ್ಣುವ ಬಾಯಿ ಜಾಸ್ತಿ ಅಂತ ಅವನು ತುಟಿ ಪಿಟಕ್ಕೆನ್ನದೆ ಕಡಿಮೆ ಪಾಲು ತೆಗೆದುಕೊಂಡು ಹೋಗುತ್ತಿದ್ದ. ಎಷ್ಟು ದಿನ ಅಂತ ಹಾಗೆ? ಒಂದು ದಿನ ನನ್ನ ಹತ್ತಿರ ಹೇಳಿದ: "ಒಂದೇ ಡಬ್ಬದಲ್ಲಿ ಎರಡು ಸಂಸಾರ ಅದ್ದಕ್ಕೆ ಆಗಲ್ಲ ಕಣಯ್ಯಾ. ನಾನು ಬೇರೆ ಏನಾದ್ರೂ ಮಾಡ್ತೀನಿ. ಬೋರ್ಡಿನ ಕೆಲಸ ಪೂರ್ತಿ ಅಣ್ಣನಿಗಿರ್ಲಿ." ಅವನ ಮಾವ ಮಾರುಕಟ್ಟೆ ಬೀದಿಯಲ್ಲಿ ಒಂದು ಮದ್ಯದಂಗಡಿ ಇಟ್ಟುಕೊಂಡಿದ್ದ. ಮುದುಕನಿಗೆ ಕಣ್ಣು ಮಂಜಾಗಿ ಅಳಿಯನಿಗೆ ಬಿಟ್ಟುಕೊಟ್ಟ. ತಮಾಷೆ ಅಂದರೆ ಬಲದವನು ಜನ್ಮದಲ್ಲಿ ಒಂದು ಹನಿ ನಾಲಿಗೆಗೆ ಸೋಕಿಸಿದವನಲ್ಲ. ಕುಡಿಯುತ್ತಿದ್ದವರು ನಾವು. ಮೆರವಣಿಗೆ ಮುಗಿಸಿ ಗಂಟಲು ಹರಿದುಕೊಂಡು ಬಂದು ಅವನ ಬೆಂಚಿನ ಮೇಲೇ ಕೂರುತ್ತಿದ್ದೆವು.

ಅಂಗಡಿಗೆ ಹೊಸ ಬೋರ್ಡು ಬೇಕಿತ್ತು. ತಮ್ಮ ತಗಡಿಗೆ ಬಿಳಿ ಬಳಿದು, ಒಣಗಿಸಿ, ನಡುಗೆರೆ ಹೊಡೆದು, ತಲೆಯ ಮೇಲೆ ಹೊತ್ತುಕೊಂಡು ಅಣ್ಣನ ಕೋಣೆಗೆ ಬಂದ. ಆವತ್ತು ನಾನೂ ಒಂದು ಬ್ಯಾನರಿನ ವಿಷಯಕ್ಕೆ ಅಲ್ಲೇ ಇದ್ದೆ.

"ಅಣ್ಣಾ, ಮದ್ಯದಂಗಡಿ ಅನ್ನೋದು ನನ್ನ ಕಡೆ ಬರುತ್ತೆ. ಅದನ್ನ ನಾನು ಬರ್ಕೋತೀನಿ. ನಿನ್ನ ಕಡೆ ಬರೋದು ಅಪ್ಪನ ಹೆಸರು, ಅಷ್ಟೇ. ಅಪ್ಪನ ಹೆಸರಲ್ಲೇ ಅಂಗಡಿ ಇಟ್ಟಿದೀನಿ."

ಅಣ್ಣ ತಗಡನ್ನು ಮೇಲಿಂದ ಕೆಳಗೆ ನೋಡಿದ. "ಅಪ್ಪನ್ನ ತಿಂದಿದ್ದೇ ಅದು. ಅದರ ತಲೆ ಮೇಲೆ ಅಪ್ಪನ ಹೆಸರಾ?"

"ಊರ ತುಂಬಾ ಕಂಡೋರ ಹೆಸರು ಬರ್ದಿದೀವಿ. ಅವನ ಹೆಸರು ಎಲ್ಲಾದ್ರೂ ಒಂದು ಕಡೆ ಇದ್ಯಾ? ಒಂದು ಗೋಡೆ ಮೇಲೆ, ಒಂದು ಕಲ್ಲಿನ ಮೇಲೆ?"

"ನಾನು ಬರೆಯಲ್ಲ."

"ನೀನು ಅಂಗಡಿ ಅಂತ ಬರೀಬೇಡ್ವೋ. ಹೆಸರು ಬರಿ."

"ಬೋರ್ಡು ಅಂದ್ರೆ ಒಂದೇ. ಅರ್ಧ ಮಡಿ, ಅರ್ಧ ಮೈಲಿಗೆ ಅಂತ ಇರಲ್ಲ."

ತಮ್ಮನ ಮುಖ ಕೆಂಪಾಯಿತು. "ಓಹೋ. ಇವರ ಧಿಕ್ಕಾರಕ್ಕೆ ಅರ್ಧ ಬೋರ್ಡು ಆಗ್ತಿತ್ತು. ನಂಗೆ ಬಂದಾಗ ಬೋರ್ಡು ಒಂದಾಗಿ ಹೋಯ್ತಾ?"

ಅಣ್ಣ ಬೆನ್ನು ತಿರುಗಿಸಿ ಡಬ್ಬ ಕಲಕುತ್ತ ಕೂತ. ತಮ್ಮ ತಗಡನ್ನು ಮತ್ತೆ ತಲೆಯ ಮೇಲಿಟ್ಟುಕೊಂಡು ಹೊರಟ. ಬಾಗಿಲಲ್ಲಿ ತಗಡು ಚೌಕಟ್ಟಿಗೆ ಬಡಿದು ಸದ್ದಾಯಿತು. ಅಣ್ಣ ತಿರುಗಿ ನೋಡಲಿಲ್ಲ.

ಬೋರ್ಡು ಮೇಲೇರಿತು. ಬಲಗಡೆ ಕೆಂಪಗೆ, ಲಕ್ಷಣವಾಗಿ "ಮದ್ಯದಂಗಡಿ". ಎಡಗಡೆ ಬರೀ ಬಿಳಿ. ತಮ್ಮ ತನ್ನ ಪಾಲು ಬರೆದು, ಅಣ್ಣನ ಪಾಲು ಖಾಲಿ ಬಿಟ್ಟಿದ್ದ. ಊರು ಬಿದ್ದು ಬಿದ್ದು ನಕ್ಕಿತು. "ಏನಯ್ಯಾ, ಬಣ್ಣ ಮುಗಿದುಹೋಯ್ತಾ?" ಅಂದವರಿಗೆ ಅವನು "ಬರೆಯೋನು ಬರ್ತಾನೆ" ಅನ್ನುತ್ತಿದ್ದ. ನಮ್ಮ ಪೈಕಿ ಒಬ್ಬ, "ಇಲ್ಲಿಂದ ಹೋಗೋವಾಗ ಎಲ್ಲಾ ಎರಡೆರಡು ಕಾಣುತ್ತೆ, ನಮಗೆ ಅರ್ಧ ಸಾಕು ಬಿಡು" ಅಂದ. ಬಲದವನೂ ನಕ್ಕ. ಆದರೆ ಬೇರೆ ಯಾರಾದರೂ ನಾನು ಬರೆದುಕೊಡಲಾ ಅಂದರೆ ಕಣ್ಣು ಕೆಕ್ಕರಿಸುವನು. ಆ ಜಾಗ ಅಣ್ಣನದು.

ಅಣ್ಣ ಮಾರುಕಟ್ಟೆ ಬೀದಿಯನ್ನೇ ಬಿಟ್ಟ. ಪ್ರಾರ್ಥನೆ ಮನೆಗೆ ನೇರ ದಾರಿ ಅದೇ ಆಗಿತ್ತು. ಈಗ ಚರಂಡಿ ಪಕ್ಕದ ಸಂದಿಯಲ್ಲಿ ಮೂಗು ಮುಚ್ಚಿಕೊಂಡು ಸುತ್ತಿ ಹೋಗುವನು. ತಮ್ಮ ಪ್ರಾರ್ಥನೆಗೆ ಬರುವುದನ್ನು ನಿಲ್ಲಿಸಿದ. ದೊಡ್ಡ ಮಗಳ ಮದುವೆಗೆ ಅಣ್ಣ ಖುದ್ದು ಹೋಗಿ ಕರೆಯಲಿಲ್ಲ, ಯಾರ ಬಾಯಲ್ಲೋ ಹೇಳಿಕಳಿಸಿದ. ತಮ್ಮ ಬಂದ, ಹುಡುಗಿಯ ತಲೆ ಮುಟ್ಟಿದ, ಊಟ ಮಾಡದೆ ಹೋದ. ಎರಡು ಮನೆಯ ಮಕ್ಕಳು ರಸ್ತೆಯಲ್ಲಿ ಎದುರಾದರೆ ಮುಖ ಮುಖ ನೋಡಿಕೊಂಡು, ಮಾತಾಡಬಹುದೋ ಬಾರದೋ ಅಂತ ಗೊತ್ತಾಗದೆ ಹಲ್ಲು ಕಿರಿದು ಹೋಗುತ್ತಿದ್ದವು.

ಕೆಲಸದಲ್ಲೂ ಅಣ್ಣ ಕುಂಟಿದ. ಒಬ್ಬನೇ ಕೂತರೆ ನಡುಗೆರೆಯಿಂದ ಹೊರಡಲು ಅವನಿಗೆ ಧೈರ್ಯ ಬರುತ್ತಿರಲಿಲ್ಲ. ಆ ಕಡೆ ಹಿಡಿಯುವವನಿಲ್ಲವಲ್ಲ. ಎಲ್ಲರ ಹಾಗೆ ಎಡತುದಿಯಿಂದ ಶುರುಮಾಡಿದ. ಜಾಗ ಸಾಲದೆ ಹೋದೀತು ಅನ್ನುವ ಭಯ ಅಪ್ಪನ ಕಾಲದ್ದು, ರಕ್ತದಲ್ಲೇ ಇತ್ತು. ಹಾಗಾಗಿ ಮೊದಲಿಂದಲೇ ಅಕ್ಷರಗಳನ್ನು ಬಿಗಿಹಿಡಿದು, ಸಣ್ಣಗೆ, ಒತ್ತೊತ್ತಾಗಿ ಬರೆಯುವುದು ಕಲಿತ. ಬೋರ್ಡು ತಪ್ಪಿಲ್ಲದೆ ಇರುತ್ತಿತ್ತು, ಆದರೆ ಉಸಿರು ಕಟ್ಟಿದ ಹಾಗಿರುತ್ತಿತ್ತು. ಊರಿಗೆ ಅದೂ ಅಭ್ಯಾಸವಾಯಿತು.

ಹೀಗೇ ವರ್ಷಗಳು ಉರುಳಿದವು. ಖಾಲಿ ಬಿಳಿ ಹಳದಿಯಾಗಿ, ಅಂಚಿನಿಂದ ತುಕ್ಕು ಹಿಡಿಯುತ್ತ ಬಂತು. ಒಂದು ದಿನ ಬಲದವನು ಅಂಗಡಿಯಲ್ಲಿ ಬಾಟಲಿ ಎತ್ತಿಡುತ್ತಿದ್ದವನು ಹಾಗೇ ಕುಸಿದ. ಲಕ್ವ. ಬಲಗೈ ಬಲಗಾಲು ಹೋಯಿತು, ಮಾತು ನಿಂತಿತು.

ಆಸ್ಪತ್ರೆಗೆ ಅಣ್ಣನನ್ನು ಹೊರಡಿಸಿದ್ದು ಅವನ ಹೆಂಡತಿ. "ನಿಮ್ಮ ದೇವರಿಗೇ ಇಲ್ಲದ ಹಠ ನಿಮಗ್ಯಾಕೆ? ಏಳಿ ಮೇಲೆ" ಅಂದಳಂತೆ. ವಾರ್ಡಿನಲ್ಲಿ ಮಂಚದ ಪಕ್ಕ ಒಂದು ಸ್ಟೂಲು ಹಾಕಿ ಅವನನ್ನು ಕೂರಿಸಿದರು. ತಮ್ಮ ಅಣ್ಣನ ಮುಖ ನೋಡಲೇ ಇಲ್ಲ. ಅಣ್ಣನ ಮಡಿಲಲ್ಲಿದ್ದ ಬಲಗೈಯನ್ನೇ, ಉಗುರಿನ ಸಂದಿಯ ನೀಲಿ ಬಣ್ಣವನ್ನೇ ನೋಡುತ್ತ ಮಲಗಿದ್ದ.

"ಅವರು ನೋಡ್ತಿರೋದು ನಿಮ್ಮ ಕೈನ, ಭಾವ" ಅಂದಳು ತಮ್ಮನ ಹೆಂಡತಿ.

ಅಲ್ಲಿಂದ ಅವನು ನೆಟ್ಟಗೆ ಹೋದದ್ದು ಪ್ರಾರ್ಥನೆ ನಡೆಸುವ ಗುರುಗಳ ಹತ್ತಿರ. ಇದನ್ನು ಅವನೇ ನನಗೆ ಹೇಳಿದ್ದು. ಗುರುಗಳು ಮುದುಕರು, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ.

"ಗುರುಗಳೇ, ಆ ಬೋರ್ಡಿನ ಮೇಲೆ ನಾನು ಬರೆದ್ರೆ ತಪ್ಪಾಗುತ್ತಾ?"

"ಏನು ಬರೀಬೇಕಂತೆ?"

"ನಮ್ಮಪ್ಪನ ಹೆಸರು."

ಗುರುಗಳು ಹಿಂಡುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತರಂತೆ. "ನಿಮ್ಮಪ್ಪನ ಹೆಸರು ಬರೆಯೋಕೆ ನನ್ನನ್ಯಾಕೆ ಕೇಳ್ತೀಯೋ? ಇಷ್ಟು ವರ್ಷ ಇದಕ್ಕಾ ನೀವಿಬ್ರೂ ಹಾಗಿದ್ದಿದ್ದು? ನಿನ್ನ ತಮ್ಮ ತಾನಾಗೇ ದೇವ್ರನ್ನ ಬಿಟ್ಟ ಅಂತಲ್ಲವಾ ನಾನು ಅಂದ್ಕೊಂಡಿದ್ದು! ಆಗ್ಲೇ ಬಂದು ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಕೇಳಿರಲಿಲ್ಲ. ಕೇಳಬೇಕು ಅಂತ ಅವನಿಗೆ ಹೊಳೆದೇ ಇರಲಿಲ್ಲ. ದೇವರ ಪರವಾಗಿ ತಾನೇ ಉತ್ತರ ಕೊಟ್ಟುಕೊಂಡಿದ್ದ.

ತಮ್ಮನನ್ನು ಮನೆಗೆ ತಂದರು. ಮನೆ ಅಂಗಡಿಯ ಮೇಲೆಯೇ, ದಾರಿ ಅಂಗಡಿಯ ಒಳಗಿಂದಲೇ. ಅಣ್ಣ ಏಣಿ ಹೆಗಲಿಗಿಟ್ಟುಕೊಂಡು, ಡಬ್ಬಗಳನ್ನು ಹಿಡಿದು, ಹಾಡುಹಗಲಲ್ಲಿ ಮಾರುಕಟ್ಟೆ ಬೀದಿಗೆ ಬಂದ. ತುಕ್ಕು ಕೆರೆದ, ಉಜ್ಜಿದ, ಹೊಸ ಬಿಳಿ ಬಳಿದ. ಅದು ಪೂರ್ತಿ ಆರಲು ಬಿಡಬೇಕಿತ್ತು. ಬಿಡಲಿಲ್ಲ. ಅಷ್ಟು ವರ್ಷ ಆತುರ ಇಲ್ಲದವನಿಗೆ ಈಗ ತಡೆಯಲು ಆಗಲಿಲ್ಲ. ಮಾರನೇ ಬೆಳಗ್ಗೆಯೇ ಬ್ರಶ್ಶು ಹಿಡಿದು ಏಣಿ ಹತ್ತಿದ. ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದು ಎದುರು ಬದಿಯ ನೆರಳಿನಲ್ಲಿ ಇಟ್ಟೆವು. ಅಂಗಡಿಯ ಗಿರಾಕಿಗಳು ಲೋಟ ಹಿಡಿದೇ ಹೊರಗೆ ಬಂದು ನಿಂತರು.

"ಬರೆಯೋನು ಬಂದ್ನಪ್ಪಾ!" ಅಂತ ಒಬ್ಬ ಕೂಗಿದ. ಯಾರೂ ನಗಲಿಲ್ಲ, ಅವನೇ ನಾಲಿಗೆ ಕಚ್ಚಿಕೊಂಡ.

ಅಣ್ಣ ಬರೆದ. ಅಪ್ಪನ ಹೆಸರು ಅಕ್ಷರ ಅಕ್ಷರವಾಗಿ ಮೂಡಿತು. ಕೊನೆಯ ಅಕ್ಷರ ಮುಗಿಸಿ, ಬ್ರಶ್ಶನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗಿಳಿದು, ರಸ್ತೆ ದಾಟಿ ತಮ್ಮನ ಕುರ್ಚಿಯ ಪಕ್ಕ ನಿಂತು ತಿರುಗಿ ನೋಡಿದ.

ಹೆಸರು ನಡುಗೆರೆಯನ್ನು ಮುಟ್ಟಿರಲಿಲ್ಲ. ಒಬ್ಬನೇ ಬರೆದೂ ಬರೆದೂ ಕೈಗೆ ಹತ್ತಿದ್ದ ಚಾಳಿ. ಎಡತುದಿಯಿಂದ ಶುರುಮಾಡಿ, ಬಿಗಿಹಿಡಿದು ಬರೆದಿದ್ದ. ಅಪ್ಪನ ಹೆಸರಿಗೂ ತಮ್ಮನ ಅಂಗಡಿಗೂ ನಡುವೆ ಒಂದು ಗೇಣು ಖಾಲಿ ಉಳಿದಿತ್ತು. ಏಣಿಯ ಮೇಲಿದ್ದವನಿಗೆ ಅದು ಕಂಡಿರಲಿಲ್ಲ. ಕೆಳಗಿನಿಂದ ಕುರುಡನಿಗೂ ಕಾಣುವಂತಿತ್ತು.

ತಮ್ಮ ಎಡಗೈ ಎತ್ತಿದ. ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ತೋರಿಸಿದ. ಅವನ ಮುಖದಲ್ಲಿ ಅರ್ಧ ಮಾತ್ರ ಆಡುತ್ತಿತ್ತು, ನಕ್ಕನೋ ಅತ್ತನೋ ಹೇಳಲು ಆಗಲಿಲ್ಲ.

"ಗೊತ್ತಾಯ್ತು ಕಣೋ, ಗೊತ್ತಾಯ್ತು" ಅಂದ ಅಣ್ಣ. "ಈಗ ಒರೆಸಿದ್ರೆ ಕೆಳಗಿನ ಬಿಳೀನೂ ಹಸಿ, ಎರಡೂ ಕಲೆಸಿಹೋಗುತ್ತೆ. ಒಣಗಲಿ ತಮ್ಮಾ. ಒಣಗಿದ ಮೇಲೆ ಅಳಿಸಿ, ಗೆರೆಯಿಂದ್ಲೇ ಬರ್ಕೊಂಡು ಬರ್ತೀನಿ. ನೀನು ನೋಡ್ತಾ ಇರು."

ಬಣ್ಣ ಒಣಗಿತು. ಅಷ್ಟರಲ್ಲಿ ತಮ್ಮನಿಗೆ ಎರಡನೇ ಸಲ ಲಕ್ವ ಹೊಡೆಯಿತು, ಹೋದ.

ಮಣ್ಣು ಮಾಡಿ ಬಂದು, ಬಂದವರೆಲ್ಲ ಚದುರಿದ ಮೇಲೆ ಅಣ್ಣ ಮತ್ತೆ ಏಣಿ ತಂದು ಬೋರ್ಡಿಗೆ ಆನಿಸಿದ. ಅಂಗಡಿ ತೆರೆದಿತ್ತು, ಹೊಟ್ಟೆ ಕೇಳಬೇಕಲ್ಲ, ತಮ್ಮನ ಹೆಂಡತಿಯೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಏಣಿಯ ಸದ್ದಿಗೆ ಎದ್ದು ಬಂದಳು.

"ಏನು ಮಾಡ್ತಿದೀರ ಭಾವ?"

"ಅಳಿಸಿ ಸರಿಯಾಗಿ ಬರೀತೀನಿ ತಾಯಿ. ಅವನಿಗೆ ಮಾತು ಕೊಟ್ಟಿದ್ದೆ."

"ಮುಟ್ಟಬೇಡಿ. ಅವರು ನೋಡಿದ್ದು ಇದನ್ನೇ. ಅವರ ಕಣ್ಣಿಗೆ ಬಿದ್ದಿದ್ದು ಇಷ್ಟೇ. ಇನ್ನು ನೀವು ತಿದ್ದಿದ್ರೆ ಅದು ನಿಮಗೋಸ್ಕರ ತಿದ್ದಿದ್ದು."

ಅವನು ಒಂದು ಕಾಲು ಏಣಿಯ ಮೇಲಿಟ್ಟೇ ನಿಂತಿದ್ದ. "ಒಂದು ಗೇಣು ಬಿಟ್ಟುಹೋಗಿದೆಯಮ್ಮಾ. ನೋಡಿದೋರು ಏನಂತಾರೆ?"

"ಇಷ್ಟು ವರ್ಷ ಪೂರ್ತಿ ಅರ್ಧ ಬಿಟ್ಟಿತ್ತಲ್ಲ ಭಾವ, ಆಗ ನೋಡಿದೋರು ಏನಂದ್ರು ಅಂತ ನಿಮಗೆ ಗೊತ್ತಾ? ನೀವು ಈ ಬೀದಿಗೇ ಬರ್ಲಿಲ್ವಲ್ಲ."

ಅವನು ಕಾಲು ಕೆಳಗಿಳಿಸಿದ. ಡಬ್ಬ ನೆಲಕ್ಕಿಟ್ಟ. "ಮತ್ತೆ ನಾನೇನು ಮಾಡ್ಲಿ ತಾಯಿ?" ಅಂದ. ಅವನು ಯಾರನ್ನೂ ಹಾಗೆ ಕೇಳಿದ್ದನ್ನು ನಾನು ನೋಡಿರಲಿಲ್ಲ.

"ಏನೂ ಮಾಡಬೇಡಿ. ಬೆಳಗ್ಗಿಂದ ಏನೂ ತಿಂದಿಲ್ಲ ನೀವು. ಮೇಲೆ ಹೋಗಿ, ಮಕ್ಕಳು ಊಟಕ್ಕೆ ಕೂತಿದಾರೆ, ಅವ್ರ ಜೊತೆ ಕೂತ್ಕೊಳ್ಳಿ."

ಮೇಲೆ ಹೋಗಬೇಕಾದರೆ ಅಂಗಡಿಯ ಒಳಗಿಂದಲೇ ಹೋಗಬೇಕು. ಅವನು ಹೊಸಿಲಿನ ಹತ್ತಿರ ನಿಂತ. ಒಳಗೆ ಬೆಂಚಿನ ಮೇಲಿದ್ದವರು ಲೋಟಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರು, ಮೇಷ್ಟ್ರು ಬಂದ ಕೂಡಲೇ ಹುಡುಗರು ಮಾಡುವ ಹಾಗೆ. ಅವನು ಚಪ್ಪಲಿ ಬಿಟ್ಟ. ಸಾರಾಯಿ ಅಂಗಡಿಗೆ ಚಪ್ಪಲಿ ಬಿಟ್ಟು ಒಳಗೆ ಹೋದವನನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ನೆಲ ಒದ್ದೆಯಾಗಿ, ಅಂಟಂಟಾಗಿ ಇತ್ತು. ಬರಿಗಾಲಲ್ಲಿ ಅದನ್ನು ದಾಟಿ ಮೆಟ್ಟಿಲು ಹತ್ತಿದ. ಮೇಲಿನಿಂದ ತಮ್ಮನ ಚಿಕ್ಕ ಮಗಳ ದನಿ ಕೇಳಿತು: "ಅಮ್ಮಾ, ದೊಡ್ಡಪ್ಪ ಬಂದಿದಾರೆ, ಎಲ್ಲಿ ಕೂರಿಸ್ಲಿ?"

"ಅಪ್ಪನ ಜಾಗದಲ್ಲಿ ಕೂರಿಸು" ಅಂತ ಕೆಳಗಿನಿಂದ ಕೂಗಿ, ಅವಳು ಗಲ್ಲಾಪೆಟ್ಟಿಗೆಯ ಮುಂದೆ ಹೋಗಿ ಕೂತಳು.